ಮಾಟುಂಗಾದ ಮರಗಳ ನೆರಳಿನಲ್ಲಿ: ನಡೆದು ಅರಿಯಬೇಕಾದ ಬಡಾವಣೆ

ಊರಿನಿಂದ ನೆಂಟರು ಬಂದರೆ ಅವರಿಗೆ ಗೇಟ್‌ವೇ ಆಫ್ ಇಂಡಿಯಾ, ಮಹಾಲಕ್ಷ್ಮೀ ದೇವಸ್ಥಾನ, ಜುಹೂ ಕಡಲತೀರಗಳನ್ನು ತೋರಿಸಿ, ಕೊನೆಯ ದಿನ ಮಾಟುಂಗಾಕ್ಕೆ ಕರೆದೊಯ್ಯುವುದು ಮುಂಬಯಿ ಕನ್ನಡಿಗರ ವಾಡಿಕೆ. ಅದು ಬಹುಮಟ್ಟಿಗೆ ಬಾಳೆಯೆಲೆಯ ಊಟಕ್ಕಾಗಿ. ಊಟ ಮುಗಿಸಿ, ಮಲ್ಲಿಗೆ ಮೊಳ ಅಳೆಸಿಕೊಂಡು, ಕಾಫಿಪುಡಿಯ ಪೊಟ್ಟಣವನ್ನು ಚೀಲಕ್ಕೆ ಸೇರಿಸಿ, ಲೋಕಲ್ ಗಾಡಿ ಹಿಡಿದು ಮರಳುತ್ತೇವೆ. ನಡುಹಗಲಿನಲ್ಲಿಯೂ ಅಲ್ಲಿ ಕೊಡೆ ಬಿಚ್ಚದೆ ನಡೆದೆವೆಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಮುಂಬಯಿಯಂತಹ ಮಹಾನಗರದಲ್ಲಿ ಆ ನೆರಳು ಹೇಗೆ ಬಂತು? ಅದರಡಿಯಲ್ಲಿ ನಮ್ಮ ಸಂಘ ಸಂಸ್ಥೆಗಳು ಹೇಗೆ ಬೇರೂರಿದವು? ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿದೀತೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಸಣ್ಣ ಪ್ರಯತ್ನ ಈ ಲೇಖನ.

ಪಿಡುಗಿನ ಬೆನ್ನಿಗೆ ಬಂದ ಯೋಜನೆ

ಮಾಟುಂಗಾದ ಹಸುರು ತಾನಾಗಿ ಬೆಳೆದುದಲ್ಲ. ಅದರ ಹಿಂದೆ ಒಂದು ಘೋರ ಪಿಡುಗಿನ ಕಥೆಯಿದೆ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಪ್ರದೇಶದ ರೋಗಿಗಳಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗ್ ರೋಗವನ್ನು ಗುರುತಿಸಿದರು. ಬಂದರಿನ ಸುತ್ತಲಿನ ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸಾಯತೊಡಗಿದರು. ಬದುಕುಳಿದವರಲ್ಲಿ ಅನೇಕರು ನಗರವನ್ನೇ ತೊರೆದರು. ಜನ ಬದುಕುವ ರೀತಿಯನ್ನೇ ಬದಲಿಸದೆ ರೋಗ ಬಿಡದೆಂದು ಸರಕಾರಕ್ಕೆ ಮನವರಿಕೆಯಾಯಿತು. 1898ರಲ್ಲಿ ಕಾಯಿದೆಯ ಮೂಲಕ 'ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್' ಸ್ಥಾಪನೆಯಾಯಿತು.

ಟ್ರಸ್ಟಿನ ಮುಂದೆ ಎರಡು ಹಾದಿಗಳಿದ್ದವು. ಹಳೆಯ ನಗರವನ್ನು ಸೀಳಿ ಅಗಲವಾದ ರಸ್ತೆಗಳನ್ನು ತೆರೆದು ಸಮುದ್ರದ ಗಾಳಿಯನ್ನು ಒಳಗೆ ತರುವುದು ಮೊದಲನೆಯದು. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳು ಹೀಗೆ ಹುಟ್ಟಿದವು. ನಗರದ ಉತ್ತರದಲ್ಲಿ ತೆರವಾಗಿದ್ದ ಗದ್ದೆ, ತೋಟ, ಜವುಗು ಭೂಮಿಗಳನ್ನು ಪಡೆದು ಹೊಸ ಬಡಾವಣೆಯನ್ನು ಕಟ್ಟುವುದು ಎರಡನೆಯದು. 1899-1900ರ ಹೊತ್ತಿಗೆ ರೂಪುಗೊಂಡ ದಾದರ್, ಮಾಟುಂಗಾ, ವಡಾಲಾ, ಸಯನ್ ಪ್ರದೇಶಗಳ ಯೋಜನೆ ಈ ಎರಡನೆಯ ಹಾದಿಯ ಫಲ. ಮುಂಬಯಿಯಲ್ಲಿ ಮೊದಲೇ ನಕ್ಷೆ ಬರೆದು ನಿರ್ಮಿಸಿದ ಮೊತ್ತಮೊದಲ ಉಪನಗರವಿದು ಎನ್ನಲಾಗುತ್ತದೆ.

ಈ ನಕ್ಷೆಯಲ್ಲಿ ಮೂರು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು ರಸ್ತೆಯ ಅಗಲ. ಎರಡು ಕಡೆ ಕಾಲುದಾರಿ, ಕಾಲುದಾರಿಯ ಅಂಚಿಗೆ ಮರಗಳ ಸಾಲು. ಎರಡನೆಯದು ಕಟ್ಟಡದ ಸುತ್ತಲಿನ ತೆರವು. ನಿವೇಶನದ ಒಂದು ಭಾಗದಲ್ಲಿ ಮಾತ್ರ ಮನೆ ಕಟ್ಟಿ, ಉಳಿದುದನ್ನು ಗಾಳಿ ಬೆಳಕಿಗೆ ಬಿಡಬೇಕಾಗಿತ್ತು. ಮೂರನೆಯದು ಎತ್ತರದ ಮಿತಿ. ಟ್ರಸ್ಟಿನ ಅಧ್ಯಕ್ಷರಾಗಿದ್ದ ಜೆ. ಪಿ. ಓರ್ ಅವರು ಅರವತ್ತಮೂರೂವರೆ ಡಿಗ್ರಿ ಕೋನದ ನಿಯಮವೊಂದನ್ನು ಪ್ರತಿಪಾದಿಸಿದ್ದರು. ಸರಳವಾಗಿ ಹೇಳುವುದಾದರೆ, ಎದುರಿನ ಕಟ್ಟಡ ನಲವತ್ತು ಅಡಿ ಎತ್ತರವಿದ್ದರೆ ನಮ್ಮ ಕಿಟಕಿಗೂ ಅದಕ್ಕೂ ನಡುವೆ ಸುಮಾರು ಇಪ್ಪತ್ತು ಅಡಿ ತೆರವು ಇರಬೇಕು. ಆಗ ಮಾತ್ರ ಕೆಳ ಅಂತಸ್ತಿನ ಕೋಣೆಗೂ ಆಕಾಶದ ಬೆಳಕು ಇಳಿಯುತ್ತದೆ. ಮಾಟುಂಗಾದ ಮರಗಳಿಗೆ ಕೊಂಬೆ ಚಾಚಲು ಸ್ಥಳ ದೊರೆತುದು ಇಂತಹ ಲೆಕ್ಕಾಚಾರಗಳಿಂದ.

ಇದೇ ಯೋಜನೆಯ ಭಾಗವಾಗಿ ಪಕ್ಕದಲ್ಲಿ ದಾದರ್ ಪಾರ್ಸಿ ಕಾಲನಿ ತಲೆಯೆತ್ತಿತು. ಟ್ರಸ್ಟಿನಲ್ಲಿ ಇಂಜಿನಿಯರರಾಗಿದ್ದ ಮಂಚೇರ್‌ಜಿ ಜೋಶಿಯವರು ಮಧ್ಯಮ ವರ್ಗದ ಪಾರ್ಸಿ ಕುಟುಂಬಗಳಿಗಾಗಿ 103 ನಿವೇಶನಗಳನ್ನು ಕಾದಿರಿಸುವಂತೆ ಅಧಿಕಾರಿಗಳ ಮನವೊಲಿಸಿದರು. ಬೀದಿಗೊಂದು ಜಾತಿಯ ಮರ ನೆಡುವ ಪದ್ಧತಿಯನ್ನು ಅಲ್ಲಿ ಅನುಸರಿಸಲಾಯಿತೆಂದು ಹಿರಿಯರು ಹೇಳುತ್ತಾರೆ. 'ಫೈವ್ ಗಾರ್ಡನ್ಸ್' ಎಂದು ನಾವು ಕರೆಯುವ ಐದು ಉದ್ಯಾನಗಳಿಗೆ ಇಂದು ಅವರದೇ ಹೆಸರಿದೆ. 1933ರಲ್ಲಿ ಟ್ರಸ್ಟ್ ನಗರಪಾಲಿಕೆಯಲ್ಲಿ ವಿಲೀನವಾಯಿತು. ಅದು ಬರೆದ ಬೀದಿಗಳು ಉಳಿದವು.

ನೆರಳನ್ನರಸಿ ಬಂದವರು

ಬಡಾವಣೆ ಸಿದ್ಧವಾಗುತ್ತಿದ್ದಂತೆ ಅಲ್ಲಿ ನೆಲೆಸಲು ಬಂದವರಲ್ಲಿ ದಕ್ಷಿಣದವರೇ ಬಹಳ. ಕಚೇರಿಗಳಲ್ಲಿ, ರೈಲ್ವೆಯಲ್ಲಿ ಉದ್ಯೋಗ ಹಿಡಿದ ತಮಿಳರು, ಕನ್ನಡಿಗರು, ಮಲಯಾಳಿಗಳು, ತೆಲುಗರು ಇಲ್ಲಿನ ಮೂರಂತಸ್ತಿನ ಕಟ್ಟಡಗಳಲ್ಲಿ ಬಾಡಿಗೆಗೆ ಬಿಡಾರ ಹೂಡಿದರು. ಚಾಳಿನ ಸಾಮೂಹಿಕ ಶೌಚಾಲಯ, ಸಾಮೂಹಿಕ ನಲ್ಲಿಗಳಿಗೆ ಬದಲಾಗಿ ಒಳಗೇ ಅಡುಗೆಮನೆ, ಬಚ್ಚಲು, ಶೌಚಾಲಯಗಳಿದ್ದ 'ಫ್ಲ್ಯಾಟ್' ಎಂಬ ವಸತಿಕ್ರಮ ಮಧ್ಯಮ ವರ್ಗಕ್ಕೆ ಪರಿಚಿತವಾದುದು ಇಂತಹ ಬಡಾವಣೆಗಳಲ್ಲಿ. ಇತಿಹಾಸಕಾರ ನಿಖಿಲ್ ರಾವ್ ಅವರು 'ಹೌಸ್, ಬಟ್ ನೋ ಗಾರ್ಡನ್' ಎಂಬ ಇಂಗ್ಲಿಷ್ ಗ್ರಂಥದಲ್ಲಿ (2013) ಮಾಟುಂಗಾದ ಈ ಜೀವನಕ್ರಮವನ್ನು ವಿವರವಾಗಿ ಅಭ್ಯಸಿಸಿದ್ದಾರೆ.

ಕರಾವಳಿಯಿಂದ ಬಂದ ನಮ್ಮವರು ಮೊದಲು ಕೈಹಾಕಿದ್ದು ಅನ್ನದ ಕಾಯಕಕ್ಕೆ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದ ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ಮನೆಯ ರುಚಿಯ ಊಟ ಬೇಕಾಗಿತ್ತು. 1939ರಲ್ಲಿ ರಾಮಾಶ್ರಯ, 1940ರಲ್ಲಿ ಕೆಫೆ ಮದ್ರಾಸ್, 1942ರಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೀಗೆ ಒಂದರ ಹಿಂದೊಂದು ಆರಂಭವಾದವು. ಹೆಸರು ಮದ್ರಾಸಿನದಾದರೂ ಆ ಕೆಫೆಯನ್ನು ನಡೆಸಿದವರು ಕಾಮತ್ ಮನೆತನದವರು. ವಾರದ ಕೊನೆಯಲ್ಲಿ ಇವುಗಳ ಮುಂದೆ ನಿಲ್ಲುವ ಸಾಲಿನಲ್ಲಿ ಇಂದು ಗುಜರಾತಿ, ಮರಾಠಿ, ಪಾರ್ಸಿ ಮಾತುಗಳೇ ಹೆಚ್ಚಾಗಿ ಕೇಳಿಬರುತ್ತವೆ.

ಅನ್ನದ ಬೆನ್ನಿಗೆ ಅಕ್ಷರ ಬಂತು, ಸಂಗೀತ ಬಂತು, ನಾಟಕ ಬಂತು. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಭಾವು ದಾಜಿ ರಸ್ತೆಯಲ್ಲಿ ತನ್ನದೇ ಸಭಾಗೃಹವನ್ನು ಹೊಂದಿ, ನಾಟಕ, ಉಪನ್ಯಾಸ, ಸಂಗೀತ ಕಛೇರಿಗಳ ತಾಣವಾಯಿತು. 'ನೇಸರು' ಪತ್ರಿಕೆಯ ಮೂಲಕ ಮನೆಮನೆಗೂ ತಲುಪಿತು. 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ ರೈಲುಹಳಿಗಳ ಆಚೆ, ಮಾಹಿಮ್ ಸೆರಗಿನಲ್ಲಿ, ವಿಶ್ವೇಶ್ವರಯ್ಯ ಸ್ಮಾರಕ ಮಂದಿರದ ಹೆಸರಿನಿಂದ ದಶಕಗಳ ಕಾಲ ಜನಜನಿತವಾಯಿತು. ವಡಾಲಾದಲ್ಲಿ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ, ಶ್ರೀರಾಮ ಮಂದಿರ. ಕಿಂಗ್ಸ್ ಸರ್ಕಲ್ ಬಳಿ ಗಣೇಶ ಚತುರ್ಥಿಗೆ ಐದು ದಿನಗಳ ಕಾಲ ಜನಸಾಗರ ಸೇರುವ ಜಿ.ಎಸ್.ಬಿ. ಸೇವಾ ಮಂಡಲದ ಉತ್ಸವ, ಸಯನ್‌ನಲ್ಲಿ 'ಗೋಕುಲ'. ಇವುಗಳೊಡನೆ ತಮಿಳರ ಆಸ್ತಿಕ ಸಮಾಜ, ಷಣ್ಮುಖಾನಂದ ಸಭಾಗೃಹ. ಇವೆಲ್ಲ ಪರಸ್ಪರ ನಡಿಗೆಯ ಅಂತರದಲ್ಲಿಯೋ, ಹೆಚ್ಚೆಂದರೆ ಒಂದು ಬಸ್ಸಿನ ಅಂತರದಲ್ಲಿಯೋ ಇವೆ.

ಈ ಸಾಮೀಪ್ಯ ಬಹಳ ಮುಖ್ಯವಾದುದೆಂದು ನಮ್ಮ ನಂಬಿಕೆ. ಸಂಸ್ಥೆಯೊಂದು ಬೆಳೆಯಲು ಸಭಾಗೃಹವೊಂದಿದ್ದರೆ ಸಾಲದು. ಅದಕ್ಕೆ ನಡೆದು ಬರುವ ದಾರಿಯೂ ಬೇಕು. ಮಾಟುಂಗಾದಲ್ಲಿ ನಲವತ್ತು ವರ್ಷ ಬಾಳಿ ಈಗ ಡೊಂಬಿವಲಿಯಲ್ಲಿ ಮಗನೊಡನೆ ನೆಲೆಸಿರುವ ಹಿರಿಯ ಮಿತ್ರರೊಬ್ಬರು ಒಮ್ಮೆ ಹೇಳಿದ ಮಾತು ಇಲ್ಲಿ ಉಲ್ಲೇಖನೀಯ: "ಆಗ ಕಾರ್ಯಕ್ರಮಕ್ಕೆ ಹೋಗುವುದೆಂದರೆ ಚಪ್ಪಲಿ ಮೆಟ್ಟಿ ಹೊರಡುವುದಷ್ಟೇ. ದಾರಿಯಲ್ಲಿ ನಾಲ್ಕು ಮಂದಿ ಜತೆಗೂಡುತ್ತಿದ್ದರು. ಈಗ ಹೋಗಬೇಕೆಂದರೆ ಗಾಡಿಯ ಸಮಯ ನೋಡಬೇಕು, ಮಗನ ಅನುಕೂಲ ನೋಡಬೇಕು, ಮೊಣಕಾಲಿನ ಅನುಮತಿ ಕೇಳಬೇಕು." ಮಾತು ನಗೆಯಲ್ಲಿ ಮುಗಿಯಿತು. ಆದರೆ ನಮ್ಮ ಸಭೆಗಳಲ್ಲಿ ಖಾಲಿ ಉಳಿಯುವ ಕುರ್ಚಿಗಳಿಗೆ ಅಭಿಮಾನದ ಕೊರತೆಯೊಂದೇ ಕಾರಣವಲ್ಲವೆಂಬುದು ಅದರಿಂದ ತಿಳಿಯುತ್ತದೆ.

ನಡೆಯುವವರಿಗೊಂದು ದಾರಿ

ಭಾನುವಾರ ಬೆಳಿಗ್ಗೆ ಏಳಕ್ಕೆ ಮಧ್ಯ ರೈಲ್ವೆಯ ಮಾಟುಂಗಾ ನಿಲ್ದಾಣದಲ್ಲಿ ಇಳಿಯಿರಿ. 2017ರಲ್ಲಿ ಈ ನಿಲ್ದಾಣದ ಆಡಳಿತವನ್ನು ಸಂಪೂರ್ಣವಾಗಿ ಮಹಿಳಾ ಸಿಬ್ಬಂದಿಗೆ ವಹಿಸಲಾಯಿತು. ಆ ಸಂಗತಿ ಲಿಮ್ಕಾ ದಾಖಲೆಯ ಪುಸ್ತಕವನ್ನೂ ಸೇರಿತು. ಪೂರ್ವದ ಕಡೆ ಹೊರಬಂದರೆ ಎದುರಿಗೇ ಪೇಟೆ. ಮಲ್ಲಿಗೆ, ಸೇವಂತಿಗೆ, ತುಳಸಿ, ಬಾಳೆಯೆಲೆ, ಮಾವಿನ ತೋರಣ, ವೀಳ್ಯದೆಲೆ. ತುಸು ಮುಂದೆ ಬಾಳೆದಿಂಡು, ಬಾಳೆಹೂ, ನುಗ್ಗೆ, ಸೌತೆ. ಊರಿನ ಸಂತೆಯನ್ನು ಕಾಣದ ಮಕ್ಕಳಿಗೆ ತರಕಾರಿಗಳ ಕನ್ನಡ ಹೆಸರುಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಮುಂಬಯಿಯಲ್ಲಿಲ್ಲ.

ಉಪಾಹಾರ ಮುಗಿಸಿ ಒಳಬೀದಿಗಳಿಗೆ ಹೊರಳಿರಿ. ಬೀದಿಗಳ ಹೆಸರುಗಳಲ್ಲಿಯೇ ಚರಿತ್ರೆಯ ಪುಟಗಳಿವೆ. ತೆಲಂಗ್ ರಸ್ತೆ ನ್ಯಾಯಮೂರ್ತಿ ಕಾಶಿನಾಥ ತ್ರ್ಯಂಬಕ ತೆಲಂಗರನ್ನು ನೆನಪಿಸಿದರೆ, ಭಾಂಡಾರಕರ್ ರಸ್ತೆ ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಲ ಭಾಂಡಾರಕರರನ್ನೂ, ಭಾವು ದಾಜಿ ರಸ್ತೆ ವೈದ್ಯರೂ ಪ್ರಾಚ್ಯವಿದ್ಯಾ ಸಂಶೋಧಕರೂ ಆಗಿದ್ದ ಭಾವು ದಾಜಿ ಲಾಡ್ ಅವರನ್ನೂ ನೆನಪಿಸುತ್ತವೆ. ಚಂದಾವರಕರ್ ರಸ್ತೆಯ ಫಲಕದ ಮುಂದೆ ಮಕ್ಕಳನ್ನು ಒಂದು ನಿಮಿಷ ನಿಲ್ಲಿಸಿ, ಹೊನ್ನಾವರದಲ್ಲಿ ಹುಟ್ಟಿ, 1900ರಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿ, ಬಳಿಕ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದ ಸರ್ ನಾರಾಯಣ ಗಣೇಶ ಚಂದಾವರಕರರ ಕಥೆಯನ್ನು ಹೇಳಬಹುದು.

ಅಲ್ಲಿಂದ ಕಿಂಗ್ಸ್ ಸರ್ಕಲ್. ವೃತ್ತದ ನಡುವಿನ ಉದ್ಯಾನಕ್ಕೆ ಈಗ ಮಾಹೇಶ್ವರಿ ಉದ್ಯಾನವೆಂದು ಹೆಸರು. ಸಮೀಪದಲ್ಲಿಯೇ, ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆಯ ಅಡಿಯಲ್ಲಿ, ನಾನಾಲಾಲ್ ಮೆಹ್ತಾ ಉದ್ಯಾನವಿದೆ. ಸೇತುವೆಯ ಕೆಳಗಿನ ಜಾಗ ವಾಹನ ನಿಲುಗಡೆಗೂ ಕಸಕ್ಕೂ ಬಲಿಯಾಗದಂತೆ ಸುತ್ತಲಿನ ನಿವಾಸಿಗಳು ಪಟ್ಟುಹಿಡಿದು ಒತ್ತಾಯಿಸಿದ ಫಲವಾಗಿ ರೂಪುಗೊಂಡ ಈ ಉದ್ಯಾನ 2016ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದರ ನಡಿಗೆಯ ಪಥವನ್ನು ನರ್ಮದಾ ನದಿಯ ಹರಿವಿನ ಮಾದರಿಯಲ್ಲಿ ಬಳುಕಿಸಲಾಗಿದೆ.

ಮುಂದೆ ದಕ್ಷಿಣಕ್ಕೆ ನಡೆದರೆ ಡಾನ್ ಬಾಸ್ಕೊ ಶಾಲೆ, ಆಮೇಲೆ ಫೈವ್ ಗಾರ್ಡನ್ಸ್. ಹತ್ತಿರದಲ್ಲಿ 1887ರಲ್ಲಿ ಸ್ಥಾಪನೆಯಾಗಿ 1923ರಲ್ಲಿ ಮಾಟುಂಗಾಕ್ಕೆ ಬಂದ ವಿ.ಜೆ.ಟಿ.ಐ. ತಾಂತ್ರಿಕ ವಿದ್ಯಾಲಯ, 1937ರ ಖಾಲ್ಸಾ ಕಾಲೇಜು. ರುಯಿಯಾ, ಪೋದಾರ್ ಕಾಲೇಜುಗಳು ಕೂಡ ದೂರವಿಲ್ಲ. ನಡೆಯುವ ಶಕ್ತಿ ಉಳಿದಿದ್ದರೆ ನಿಲ್ದಾಣದ ಬಳಿಯ 'ಝಡ್ ಬ್ರಿಜ್' ದಾಟಿ ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್ ಕಡೆಗೆ ಇಳಿಯಬಹುದು. ಎರಡು ರೈಲ್ವೆಗಳ ನಡುವೆ ಹಂಚಿಹೋದ ಕನ್ನಡ ಬದುಕನ್ನು ಒಂದೇ ಸೇತುವೆ ಜೋಡಿಸಿರುವುದು ಆಗ ಕಾಣುತ್ತದೆ. ಮಳೆಗಾಲದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ: ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಭಾಗ ತಗ್ಗು ಪ್ರದೇಶವಾದುದರಿಂದ ಜೋರು ಮಳೆಗೆ ನೀರು ನಿಲ್ಲುತ್ತದೆ.

ಮರಗಳ ಪರಿಚಯ

ಮುಂಬಯಿಯ ಬೀದಿಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಕೆಲವು ಮರಗಳನ್ನು ಗುರುತಿಸಲು ಕಲಿತರೆ ನಡಿಗೆಯ ಸಂತೋಷ ಇಮ್ಮಡಿಯಾಗುತ್ತದೆ. ಕೊಡೆಯಂತೆ ರಸ್ತೆಯ ಎರಡೂ ಬದಿಗೆ ಹರಡುವುದು ಮಳೆಮರ. ಅಮೆರಿಕ ಖಂಡದಿಂದ ಬಂದ ಇದರ ಎಲೆಗಳು ಸಂಜೆಗೂ ಮೋಡ ಕವಿದಾಗಲೂ ಮಡಿಚಿಕೊಳ್ಳುತ್ತವೆ. ಮೇ ತಿಂಗಳಲ್ಲಿ ಕೆಂಡದಂತೆ ಹೂಬಿಡುವ ಗುಲ್‌ಮೊಹರ್ ಮಡಗಾಸ್ಕರಿನದು. ಹಳದಿ ಹೂವುಗಳನ್ನು ಕಾಲುದಾರಿಯ ಮೇಲೆ ಚೆಲ್ಲಿ, ಬಳಿಕ ತಾಮ್ರವರ್ಣದ ಕಾಯಿಗಳನ್ನು ಹೊರುವುದು ಪೆಲ್ಟೊಫೋರಮ್. ಇವು ಮೂರೂ ಪರದೇಶದವು; ಹೊರಗಿನಿಂದ ಬಂದು ಇಲ್ಲಿಯೇ ಬೇರುಬಿಟ್ಟವು. ಹೊರನಾಡ ಕನ್ನಡಿಗರಿಗೆ ಈ ಮರಗಳ ಬಗ್ಗೆ ವಿಶೇಷ ಮಮತೆ ಹುಟ್ಟಿದರೆ ಆಶ್ಚರ್ಯವಿಲ್ಲ.

ನಮ್ಮ ನೆಲದವುಗಳಲ್ಲಿ ಅಶ್ವತ್ಥ, ಆಲ, ಬೇವು, ಹೊಂಗೆಗಳನ್ನು ಹಿರಿಯರು ನೋಡಿದೊಡನೆ ಗುರುತಿಸುತ್ತಾರೆ. ಚಿನ್ನದ ಗೊಂಚಲಿನಂತೆ ಹೂವಿಳಿಸುವ ಕಕ್ಕೆಮರವನ್ನು ಮರಾಠಿಗರು 'ಬಹಾವಾ' ಎನ್ನುತ್ತಾರೆ. ನಮ್ಮ ಹೊಳೆದಾಸವಾಳವೇ ಅವರ 'ತಾಮ್ಹಣ'. ಮಹಾರಾಷ್ಟ್ರದ ರಾಜ್ಯಪುಷ್ಪ ಅದು. ಅಜ್ಜ ಅಜ್ಜಿಯರು ಕನ್ನಡದ ಹೆಸರು ಹೇಳಿ, ಮೊಮ್ಮಕ್ಕಳು ಶಾಲೆಯಲ್ಲಿ ಕಲಿತ ಮರಾಠಿ ಹೆಸರು ಹೇಳಿದರೆ ಒಂದೇ ಮರದಡಿಯಲ್ಲಿ ಎರಡು ನುಡಿಗಳ ಸಮಾಗಮವಾಗುತ್ತದೆ.

ನೆರಳಿಗೆ ಒದಗಿರುವ ಕುತ್ತು

ನಗರಪಾಲಿಕೆಯು 2018ರಲ್ಲಿ ಪೂರ್ಣಗೊಳಿಸಿದ ಗಣತಿಯಂತೆ ಬೃಹನ್ಮುಂಬಯಿಯಲ್ಲಿ ಸುಮಾರು 29 ಲಕ್ಷ 75 ಸಾವಿರ ಮರಗಳಿವೆ. ಕೋಟಿಗೂ ಮಿಕ್ಕ ಜನಸಂಖ್ಯೆಯ ನಗರಕ್ಕೆ ಇದು ನಾಲ್ಕೈದು ಜನರಿಗೆ ಒಂದು ಮರ ಎಂಬ ಲೆಕ್ಕ. ಆ ಒಂದಕ್ಕೂ ಈಗ ಹಲವು ಕುತ್ತುಗಳು. ಕಳೆದ ದಶಕದಲ್ಲಿ ಬಿಳಿ ಹಿಟ್ಟುತಿಗಣೆಯ ಬಾಧೆಯಿಂದ ನಗರದ ಅನೇಕ ಮಳೆಮರಗಳು ಒಣಗಿದವು. ಬುಡದ ತನಕ ಸಿಮೆಂಟು ಸುರಿದು ಕಾಲುದಾರಿ ಕಟ್ಟುವುದರಿಂದ ಬೇರಿಗೆ ನೀರೂ ಗಾಳಿಯೂ ದೊರೆಯದೆ, ಗಟ್ಟಿಮುಟ್ಟಾಗಿ ಕಾಣುವ ಮರ ಮಳೆಗಾಲದ ಗಾಳಿಗೆ ಒಮ್ಮೆಲೇ ಉರುಳುತ್ತದೆ. ಆಗ ತಪ್ಪು ಮರದ ಮೇಲೆ ಬರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಮರುನಿರ್ಮಾಣದ್ದು. ಇದರ ಮೂಲವನ್ನು ನ್ಯಾಯಬುದ್ಧಿಯಿಂದ ನೋಡಬೇಕು. 1947ರ ಬಾಡಿಗೆ ಕಾಯಿದೆಯು ಹಳೆಯ ಬಾಡಿಗೆಗಳನ್ನು ಇದ್ದಲ್ಲಿಯೇ ನಿಲ್ಲಿಸಿತು. ಬಾಡಿಗೆದಾರರಿಗೆ ಅದು ರಕ್ಷಣೆಯಾಯಿತು. ಆದರೆ ಬರುವ ಅಲ್ಪ ಹಣದಲ್ಲಿ ದುರಸ್ತಿ ಮಾಡಿಸಲು ಮಾಲೀಕರು ಮುಂದಾಗಲಿಲ್ಲ. ಗೋಡೆಗಳು ಸೋರಿದವು, ತೊಲೆಗಳು ಶಿಥಿಲವಾದವು. ಅಂತಹ ಕಟ್ಟಡಗಳಿಗೆ ಹೆಚ್ಚುವರಿ ನಿರ್ಮಾಣದ ಅವಕಾಶವನ್ನು ಕೊಟ್ಟು, ಹಳೆಯ ನಿವಾಸಿಗಳಿಗೆ ಹೊಸ ಮನೆಯನ್ನೂ ಕಟ್ಟುವವರಿಗೆ ಮಾರಾಟದ ಮನೆಗಳನ್ನೂ ದೊರಕಿಸುವ ನಿಯಮಗಳು ಬಂದವು. ಮೂರಂತಸ್ತಿನ ಜಾಗದಲ್ಲಿ ಗಗನಚುಂಬಿ ಕಟ್ಟಡಗಳು ಏಳತೊಡಗಿದವು.

ಸೋರುವ ಮನೆಯಲ್ಲಿ ಬಾಳಿದವರಿಗೆ ಲಿಫ್ಟ್ ಇರುವ ಭದ್ರವಾದ ಮನೆ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಪ್ರಶ್ನೆ ಇರುವುದು ಕಟ್ಟಡದ ಸುತ್ತಲಿನ ತೆರವಿನ ಬಗ್ಗೆ. ಅಂದು ಗಾಳಿ ಬೆಳಕಿಗೆಂದು ಬಿಟ್ಟ ಜಾಗಕ್ಕೆ ಇಂದು ಕಾರುಗಳ ಅಂತಸ್ತುಗಳೂ ಇಳಿಜಾರು ದಾರಿಗಳೂ ಬರುತ್ತಿವೆ. ಕಾಂಪೌಂಡಿನ ತೆಂಗು, ಮಾವು, ಹಲಸುಗಳು ಮೊದಲು ಹೋಗುತ್ತವೆ. ಬೀದಿಯ ಮರಗಳ ಕೊಂಬೆಗಳು ಆಮೇಲೆ.

ನಾವೇನು ಮಾಡಬಹುದು?

ಮಹಾರಾಷ್ಟ್ರದಲ್ಲಿ ನಗರ ಪ್ರದೇಶದ ಮರಗಳ ಸಂರಕ್ಷಣೆಗೆ 1975ರ ಕಾಯಿದೆಯಿದೆ. ಖಾಸಗಿ ಜಾಗದ ಮರವನ್ನೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಕಡಿಯುವ ಪ್ರಸ್ತಾಪವಿದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು, ಮರದ ಮೇಲೆಯೂ ನೋಟಿಸು ಅಂಟಿಸಿ, ನಾಗರಿಕರ ಆಕ್ಷೇಪಗಳನ್ನು ಕೇಳಬೇಕು. 2021ರ ತಿದ್ದುಪಡಿಯು ಐವತ್ತು ವರ್ಷ ಮೀರಿದ ಮರಗಳನ್ನು ಪಾರಂಪರಿಕ ಮರಗಳೆಂದು ಕರೆದು ವಿಶೇಷ ರಕ್ಷಣೆಗೆ ದಾರಿ ಮಾಡಿತು. ಮಾಟುಂಗಾದ ಎಷ್ಟೋ ಮರಗಳು ಆ ವಯಸ್ಸನ್ನು ಎಂದೋ ದಾಟಿವೆ.

ಆದುದರಿಂದ ಮರದ ಮೇಲೆ ಕಾಗದ ಅಂಟಿಸಿದ್ದು ಕಂಡರೆ ನಿಂತು ಓದಬೇಕು. ಅವಧಿಯೊಳಗೆ ವಾರ್ಡ್ ಕಚೇರಿಯ ಉದ್ಯಾನ ವಿಭಾಗಕ್ಕೆ ಲಿಖಿತ ಆಕ್ಷೇಪ ಸಲ್ಲಿಸಬೇಕು; ಪ್ರತಿಯೊಂದನ್ನು ಇಟ್ಟುಕೊಳ್ಳಬೇಕು. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಮರುನಿರ್ಮಾಣದ ಕರಾರು ಬಂದಾಗ ಚದರಡಿಯ ಲೆಕ್ಕದೊಡನೆ ಮರಗಳ ಲೆಕ್ಕವನ್ನೂ ಕೇಳಬೇಕು: ಎಷ್ಟು ಉಳಿಯುತ್ತವೆ, ಎಷ್ಟು ಹೋಗುತ್ತವೆ, ಹೊಸತನ್ನು ಎಲ್ಲಿ ನೆಡುತ್ತಾರೆ? ಮರದ ಬುಡದ ಸುತ್ತ ಒಂದು ಮೀಟರ್ ಜಾಗವನ್ನು ಸಿಮೆಂಟಿನಿಂದ ಮುಕ್ತವಾಗಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದಿಲ್ಲಿಯ ಪ್ರಕರಣದಲ್ಲಿ ಆದೇಶಿಸಿತ್ತು. ನಮ್ಮ ಅಂಗಳದಲ್ಲಿ ಅದನ್ನು ಪಾಲಿಸಲು ಯಾರ ಆದೇಶವೂ ಬೇಕಿಲ್ಲ. ಕೊಂಬೆ ಅಪಾಯಕಾರಿಯಾಗಿ ಬಾಗಿದ್ದರೆ ಪಾಲಿಕೆಯ 1916 ಸಂಖ್ಯೆಗೆ ಕರೆಮಾಡಬಹುದು. ಸಕಾಲಕ್ಕೆ ಹಗುರಾಗಿಸಿದ ಮರ ಮಳೆಗಾಲವನ್ನು ತಾಳಿಕೊಳ್ಳುತ್ತದೆ.

ಸಂಘ ಸಂಸ್ಥೆಗಳಿಗೂ ಒಂದು ವಿನಂತಿ. ವಾರ್ಷಿಕೋತ್ಸವ, ಪುಸ್ತಕ ಬಿಡುಗಡೆಗಳ ಜತೆಗೆ ವರ್ಷಕ್ಕೆ ಎರಡು ಬಾರಿಯಾದರೂ ಕುಟುಂಬಗಳ ಪಾದಯಾತ್ರೆಯೊಂದನ್ನು ಏರ್ಪಡಿಸಲಿ. ಡೊಂಬಿವಲಿ, ಥಾಣೆ, ನವಿ ಮುಂಬಯಿ, ಮೀರಾ ರೋಡ್‌ಗಳಿಂದ ಬರುವ ಮಕ್ಕಳು ಅಜ್ಜನೊಡನೆ ಆ ಬೀದಿಗಳಲ್ಲಿ ನಡೆಯಲಿ. ಅಜ್ಜ ಬಾಡಿಗೆಗಿದ್ದ ಕಟ್ಟಡ ಯಾವುದು, ಅಜ್ಜಿ ಮೊದಲ ಬಾರಿ ನಾಟಕ ನೋಡಿದ ಸಭಾಗೃಹ ಯಾವುದು ಎಂದು ತಿಳಿದ ಮಗುವಿಗೆ ಕನ್ನಡ ಕಲಿಯುವುದಕ್ಕೆ ಬೇರೆ ಕಾರಣ ಹೇಳಬೇಕಾಗಿಲ್ಲ.

ಪ್ಲೇಗಿನ ಭೀತಿಯ ನಡುವೆಯೂ ಒಂದು ತಲೆಮಾರು ಮುಂದಿನವರಿಗಾಗಿ ಅಗಲದ ಬೀದಿ ಬರೆದು ಗಿಡ ನೆಟ್ಟಿತು. ಅವರಲ್ಲಿ ಬಹುಮಂದಿ ಆ ನೆರಳಿನಲ್ಲಿ ನಡೆಯಲಿಲ್ಲ, ನಡೆದವರು ನಾವು. ಮುಂದಿನ ಬಾರಿ ಮಾಟುಂಗಾಕ್ಕೆ ಊಟಕ್ಕೆ ಹೋದಾಗ ಕೂಡಲೇ ಗಾಡಿ ಹಿಡಿಯದೆ ಅರ್ಧ ತಾಸು ನಡೆಯೋಣ, ಮನೆಯ ಚಿಕ್ಕವರ ಕೈಹಿಡಿದು ನಡೆಯೋಣ.